ಪೇಟೆ ತಳದ ಡಾಲ್ಡಾ

ಹಳೇ ಡಬ್ಬ ಕೂಡಿಡೋ ನಮ್ಮಂಥವರ ನಡುವೆ ಯಾರೂ ಯಾರನ್ನೂ ನಂಬಲ್ಲ. ನಂಬದೇ ಇದ್ದರೂ ಟೋಪಿ ಹಾಕಿಸ್ಕೊಳ್ಳೋದು ಮಾತ್ರ ತಪ್ಪಲ್ಲ. ಅಮ್ಮ ಹುರಿಗಾಳು ತುಂಬಿಡ್ತಿದ್ದ ಡಾಲ್ಡಾ ಡಬ್ಬದ ಮುಚ್ಚಳ ಕಳೆದುಹೋಗಿದೆ. ಅದಕ್ಕೆ ಸರಿಹೋಗೋ ಹಳೇ ಮುಚ್ಚಳ ಒಂದು ಸಿಕ್ಕಿಬಿಟ್ಟರೆ ನಾನು ಧನ್ಯ. ನನ್ನ ಅಲೆದಾಟ ಶುರುವಾಗಿದ್ದೇ ಅದಕ್ಕೆ.

೧. ಎಲ್ಲಾ ಡಾಲ್ಡಾನೇ

ಯಾವ ಕಂಪನಿಯ ವನಸ್ಪತಿ ಡಬ್ಬ ಆಗಲಿ, ನಮಗದು ಡಾಲ್ಡಾ. ಬಾಪೂಜಿನಗರದ ಗುಜರಿಯವನು ಫೋನ್ ಮಾಡಿ, "ಸಾರ್, ಡಾಲ್ಡಾ ಬಂದೈತೆ, ಬೇಗ ಬನ್ನಿ" ಅಂದ. ವಿಜಯನಗರದಿಂದ ಎದ್ದೂ ಬಿದ್ದೂ ಹೋದರೆ, ಎದುರಿಗಿಟ್ಟಿದ್ದು ಬಿಸ್ಕತ್ ಡಬ್ಬ!

"ಇದರಲ್ಲಿ ಡಾಲ್ಡಾ ಎಲ್ಲಿದೆಯಪ್ಪಾ?"

"ಬಿಸ್ಕತ್ತಿಗೆ ಹಾಕಿರ್ತಾರಲ್ಲ ಸಾರ್."

೨. ಇಲ್ಲದ ತಳ

ಇವನ ಬಂಡವಾಳ ನೋಡೇಬಿಡೋಣ ಅಂತ ಮುಂದಿನ ಸಲ ಒಂದು ಬುರುಡೆ ಬಿಟ್ಟೆ. "ನನಗೆ ಬೇಕಾಗಿರೋದು ಪೇಟೆ ತಳದ ಡಬ್ಬ ಕಣಪ್ಪ. ಅಸಲಿ ಮಾಲಿಗೆ ಅದೇ ಗುರುತು."

ಅಂಥದ್ದೊಂದು ಭೂಮಿ ಮೇಲೇ ಇಲ್ಲ. ಅವನು ರೆಪ್ಪೆ ಕೂಡ ಬಡಿಯದೆ, "ಅಯ್ಯೋ, ನಿನ್ನೆ ತಾನೇ ಒಂದು ಹೋಯ್ತಲ್ಲ ಸಾರ್!" ಅಂದ.

೩. ತಾತ ಕಂಡಿದ್ದು

ಭಾನುವಾರ ರಾಜಾಜಿನಗರದ ಪಾರ್ಕಿನಲ್ಲಿ ನಾವು ಡಬ್ಬದವರೆಲ್ಲ ಸೇರ್ತೀವಿ. ಗುಜರಿಯವನ ಬಾಯಿಂದ ನನ್ನ ಬುರುಡೆ ಅಲ್ಲಿಗೂ ಮುಟ್ಟಿತ್ತು. ಬಸವೇಶ್ವರನಗರದ ರಿಟೈರ್ಡ್ ಮೇಷ್ಟ್ರೊಬ್ಬರು ಆಗಲೇ ಪಾಠ ಶುರು ಮಾಡಿದ್ದರು. "ಪೇಟೆ ತಳ ಅಂದ್ರೆ ಬಿನ್ನಿಪೇಟೆ ಕಡೆ ಬೆಸುಗೆ ಹಾಕಿದ್ದು. ನಮ್ಮ ತಾತ ಕಣ್ಣಾರೆ ನೋಡಿದ್ದಾರೆ."

ತಾತ ಈಗಿಲ್ಲ, ಕೇಳೋ ಹಾಗೂ ಇಲ್ಲ. ಎಲ್ಲರೂ ತಲೆ ಆಡಿಸಿದರು. ನಾನು ನಗು ನುಂಗಿಕೊಂಡು ಮನೆಗೆ ಬಂದೆ. ಬಾಗಿಲು ಹಾಕ್ಕೊಂಡು ನನ್ನ ಡಬ್ಬಗಳನ್ನೆಲ್ಲ ಬೋರಲು ಹಾಕಿ ನೋಡಿದೆ. ಅಕಸ್ಮಾತ್ ಇದ್ದರೆ?

೪. ಮುಚ್ಚಳ

ನಾನು ಹುಡುಕ್ತಿದ್ದ ಮುಚ್ಚಳ ಕೊನೆಗೆ ಮುಂದಿನ ಭಾನುವಾರ ಪಾರ್ಕಿನಲ್ಲಿ ಆ ಮೇಷ್ಟ್ರ ಚೀಲದಲ್ಲೇ ಕಾಣಿಸ್ತು. ಬದಲಿಗೆ ನನ್ನ ಇನ್ನೊಂದು ಒಳ್ಳೇ ಡಬ್ಬ ಕೊಡ್ತೀನಿ ಅಂದೆ. ಅವರು ಅದನ್ನ ತಿರುಗಿಸಿ, ಉಗುರಿನಲ್ಲಿ ಕೆರೆದು, "ಪೇಟೆ ತಳ ಇಲ್ವಲ್ಲ ಸ್ವಾಮಿ, ಡೂಪ್ಲಿಕೇಟು" ಅಂದರು.

"ಮೇಷ್ಟ್ರೇ, ನಿಮ್ಮ ದಮ್ಮಯ್ಯ! ಪೇಟೆ ತಳ ನಾನೇ ಹುಟ್ಟಿಸಿದ ಸುಳ್ಳು. ಬೇಕಾದ್ರೆ ಇವನನ್ನೇ ಕೇಳಿ" ಅಂತ, ಮಾಲು ಮಾರೋಕೆ ಬಂದು ಅಲ್ಲೇ ನಿಂತಿದ್ದ ಗುಜರಿಯವನನ್ನ ತೋರಿಸಿದೆ.

ಅವನು ಎರಡೂ ಕಿವಿ ಮುಟ್ಟಿಕೊಂಡ. "ಅನ್ಯಾಯ ಮಾತಾಡಬೇಡಿ ಸಾರ್. ನಮ್ಮಪ್ಪನ ಕಾಲದಿಂದ ಮಾರ್ತಾ ಇದೀವಿ."

ಮೇಷ್ಟ್ರು ಮುಚ್ಚಳ ವಾಪಸ್ ಚೀಲಕ್ಕೆ ಹಾಕ್ಕೊಂಡು, ಸುತ್ತ ಇದ್ದವರಿಗೆ ಹೇಳಿದರು: "ನೋಡಿದ್ರಾ? ಒಂದು ಮುಚ್ಚಳಕ್ಕೋಸ್ಕರ ಮನುಷ್ಯ ಎಂಥೆಂಥಾ ಸುಳ್ಳು ಹೇಳ್ತಾನೆ!"