ನೆಗೆಣ್ಣಿಯ ಮೂರು ದಿನ

ಸಿಂಧನೂರಿನ ನಮ್ಮ ಮನೆಗೆ ಪಂಚಾಂಗ ಬೇಕಿರಲಿಲ್ಲ. ನನ್ನ ಹಿರಿಯ ನೆಗೆಣ್ಣಿ ಇದ್ದಳು. ಭಾವನ ಹೆಂಡತಿ, ನನಗೆ ಅಕ್ಕ. ಮುಟ್ಟಾದವರು ಮೂರು ದಿನ ಅಂಗಳದ ಮೂಲೆಯಲ್ಲಿ ಕೂರಬೇಕೆಂಬುದು ಅತ್ತೆಯ ಕಾಯಿದೆ. ಅಕ್ಕ ಅಲ್ಲಿ ಚಾಪೆ ಹಾಸಿದಳೆಂದರೆ ಹಿಂದಿನ ದಿನ ಅಮಾವಾಸ್ಯೆ ಎಂದೇ ಲೆಕ್ಕ! ನಮ್ಮಂಥವರ ದೇಹ ಎರಡು ದಿನ ಹಿಂದೆ, ನಾಲ್ಕು ದಿನ ಮುಂದೆ ಎಂದು ಮಸ್ಕಿ ಬಸ್ಸಿನಂತೆ ನಡೆದರೆ ಅಕ್ಕನದು ಮಾತ್ರ ಕರಾರುವಾಕ್ಕು. ನಾನದನ್ನು ಹೇಳಿ ಹೇಳಿ ನಕ್ಕಿದ್ದೇನೆ. ಯಾಕೆ ಹಾಗೆ ಎಂದು ಒಮ್ಮೆಯಾದರೂ ಯೋಚಿಸಿದ್ದರೆ!

“ಅತ್ತೀ, ನಾ ಹೊರಗಾಗೀನ್ರೀ!” ಎಂದು ಆಕೆ ಸಾರಿದರೆ ಮೂರು ಮನೆಗೆ ಕೇಳುತ್ತಿತ್ತು. ಒಮ್ಮೆ ಪಕ್ಕದ ಮನೆಯ ಆಡು ಆಕೆಗೆ ಮೈ ಉಜ್ಜಿ ಅಡುಗೆಮನೆಯತ್ತ ಹೊರಟಿತು. “ಅದಕ್ಕ ನೀರು ಹಾಕ್ರೇ, ನನ್ನ ಮುಟ್ಟೈತಿ!” ಆಡಿಗೆ ಶಾಸ್ತ್ರೋಕ್ತ ಸ್ನಾನವಾಯಿತು. ಅದು ಸಂಜೆಯವರೆಗೆ ಸೀನಿತು. ಅದರ ಒಡತಿ ವಾರವಿಡೀ ಬೈದಳು.

ಮಸ್ಕಿಯ ಮದುವೆಗೆ ಹೋಗುವಾಗ ಕಿಕ್ಕಿರಿದ ಬಸ್ಸಿನಲ್ಲೂ ಅದೇ ಘೋಷಣೆ. ಮೂವರ ಸೀಟು ಆಕೆಯೊಬ್ಬಳದಾಯಿತು. “ಯವ್ವಾ, ಟಿಕೀಟ್ ಹೆಂಗ ಕೊಡ್ಲಿ?” ಎಂದ ಕಂಡಕ್ಟರ್. “ಮ್ಯಾಲಿಂದ ಒಗಿ!”

ನಾನೋ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಲೋಕೋದ್ಧಾರ ಮನೆಯಿಂದಲೇ ಆಗಲೆಂದು, ದಿನವೂ ಲಿಂಗಪೂಜೆ ಮಾಡುವ ಅತ್ತೆಯನ್ನು ಹಿಡಿದೆ. “ಕೊರಳಾಗ ಲಿಂಗ ಇದ್ದವ್ರಿಗೆ ಸೂತಕ ಎಲ್ಲೈತ್ರೀ?” ವರ್ಷವಿಡೀ ವಾದಿಸಿದ ಮೇಲೆ ಅತ್ತೆ ಸೋತರು. “ಆತವಾ, ಇನ್ನ ಯಾರೂ ಹೊರಗ ಕೂಡೂದು ಬ್ಯಾಡ.”

ಎಂಥ ವಿಜಯ! ಅತ್ತವಳು ಅಕ್ಕ ಒಬ್ಬಳೇ. “ಜೈಲಿನ ಬಾಗಲಾ ತಗದ್ರ ಕೈದಿ ಅಳಾಕತ್ತಾನ ನೋಡ್ರಿ!” ಎಂದೆ. ಎಲ್ಲರೂ ನಕ್ಕರು. ನನ್ನ ನಾಲಗೆಗೆ ಅಂದೇ ಒಂದು ಬೀಗ ಹಾಕಿಸಬೇಕಿತ್ತು.

ಆಮೇಲೆ ಅಕ್ಕ ಮಂಕಾದಳು, ಊಟ ಬಿಟ್ಟಳು. ಲಿಂಗಸುಗೂರಿನ ಡಾಕ್ಟರಮ್ಮನ ಬಳಿ ಕರೆದೊಯ್ದೆ. “ಕೊನೀಗೆ ಯಾವಾಗ ಮುಟ್ಟಾಗಿದ್ರಿ?” ಎಂದು ಅವರು ಕೇಳಿದರು. ಅಕ್ಕ ನನ್ನ ಮುಖ ನೋಡಿ, ನೆಲ ನೋಡಿದಳು.

“ನಾಕು ವರ್ಷ ಆತ್ರೀ.”

ಆಗ ಆಕೆಗೆ ಮೂವತ್ತೆಂಟು. ಮಕ್ಕಳಾಗಿರಲಿಲ್ಲ.

ಹೊರಗೆ ಬೇವಿನ ಕೆಳಗೆ ಕುಳಿತು ಹೇಳಿದಳು: “ನಿಂತದ್ದು ಗೊತ್ತಾದ್ರ ಅತ್ತಿ ನಿಮ್ಮ ಭಾವಗ ಇನ್ನೊಂದು ಮದಿವಿ ಮಾಡತಾಳ. ಮುದಗಲ್ಲಾಗ ಹೆಣ್ಣೂ ನೋಡ್ಯಾಳ. ನಾ ತಿಂಗಳಾ ತಿಂಗಳಾ ಹೊರಗ ಕುಂತ್ರ, ಇನ್ನೂ ಆಶಾ ಐತಿ ಅಂತ ಸುಮ್ನಿರತಿದ್ಲು. ನೀ ಅದನ್ನ ಬಿಡಿಸಿದಿ. ಇನ್ನ ನಾ ಏನ್ ತೋರಸ್ಲಿ?”

ವಿಜ್ಞಾನದ ಮೇಡಂ ಆಕೆಯನ್ನು ಕರೆದುಕೊಂಡು ಸಿಂಧನೂರಿನ ಬಸ್ಸು ಹತ್ತಿದಳು.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. “ಏನಂದ್ರು ಡಾಕ್ಟರಮ್ಮ?”

“ಏನಿಲ್ರೀ. ಅಕ್ಕ ಹೊರಗಾಗ್ಯಾಳ. ಮೂರು ದಿನ ಕುಂದ್ರಲಿ.”

“ಬಿಡಿಸಿದಾಕೀನೂ ನೀನ, ಕುಂದ್ರಸಾಕೀನೂ ನೀನ?”

“ನಾನೂ ಆಗೀನ್ರೀ” ಎಂದೆ. ಶುದ್ಧ ಸುಳ್ಳು.

ಅತ್ತೆ ಈಗಿಲ್ಲ, ಭಾವನಿಗೆ ಇನ್ನೊಂದು ಮದುವೆಯೂ ಆಗಲಿಲ್ಲ. “ಇದನ್ನೆಲ್ಲಾ ಬರಕೋ ಹೋಗು” ಎಂದು ಅಕ್ಕನೇ ಅಂದಿದ್ದಾಳೆ. ಸುಳ್ಳು ಹೇಳಿದ ಆ ದಿನ ನಾನು ಆಕೆಯ ಚಾಪೆಯ ಮೇಲೇ ಕುಳಿತೆ. “ದೂರ ಸರಿ” ಎನ್ನಲು ಬಾಯಿ ತೆರೆದ ಅಕ್ಕ ರೊಟ್ಟಿ ಮುರಿದು, ದೊಡ್ಡ ತುಂಡನ್ನು ನನ್ನ ತಟ್ಟೆಗಿಟ್ಟಳು.