ಅಗಲ ಪರದೆಯ ಮಾವ

ಕಾರ್ ರೇಸಿನಲ್ಲಿ ಕೊನೆಯ ಸ್ಥಾನ ಪಡೆದು, ಅದಕ್ಕೆ ಮೀಸೆ ತಿರುವಿಕೊಂಡ ಮನುಷ್ಯ ಈ ಭೂಮಿಯ ಮೇಲೆ ಒಬ್ಬರಿದ್ದರೆ ಅವರು ನಮ್ಮ ಸೋದರಮಾವ! ಒಂದು ದಿನವಲ್ಲ, ಎರಡು ದಿನವಲ್ಲ, ವರ್ಷಗಟ್ಟಲೆ ಕೊನೆಯ ಸ್ಥಾನ. ನಡುವೆ ಒಮ್ಮೆ ಯಾವುದೋ ಕಾರು ಗೋಡೆಗೆ ಸಿಕ್ಕಿಕೊಂಡು ಇವರು ಕೊನೆಯಿಂದ ಎರಡನೆಯವರಾಗಿಬಿಟ್ಟರು. ಆ ದಿನವೆಲ್ಲ ಮುಖ ಸಣ್ಣಗೆ ಮಾಡಿಕೊಂಡೇ ಇದ್ದರು.

ಗಾಬರಿಯಾಗಬೇಡಿ, ಇದು ಟೀವಿಯೊಳಗಿನ ರೇಸು. ಮಾವ ಕಾಕನಕೋಟೆ ಕಾಡಿನಲ್ಲಿ ಗಾರ್ಡ್ ಆಗಿದ್ದು, ನಿವೃತ್ತರಾದ ಮೇಲೆ ಹನಗೋಡಿನಲ್ಲಿ ಅತ್ತೆಯೊಂದಿಗೆ ಇದ್ದರು. ನಾನು ಹುಣಸೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ತಂದೆ. ನನ್ನ ಬಾಡಿಗೆ ಕೋಣೆಯಲ್ಲಿ ಟೀವಿ ಇರಲಿಲ್ಲವಾದ್ದರಿಂದ ಭಾನುವಾರ ಅದನ್ನು ಮಾವನ ಮನೆಯ ಟೀವಿಗೆ ಸಿಕ್ಕಿಸಿದೆ. ಅಷ್ಟೇ ನಾನು ಮಾಡಿದ್ದು! ಮುಂದಿನ ಭಾನುವಾರ ಹೋದಾಗ ಆಟ ಆಡುವ ಸರದಿ ನನಗೆ ಬರಲೇ ಇಲ್ಲ.

ಮಿಕ್ಕ ಕಾರುಗಳು ಬಾಣದ ಹಾಗೆ ಹೋದರೆ ಮಾವನದು ಮದುವೆ ದಿಬ್ಬಣದ ಹಾಗೆ ಹೋಗುತ್ತಿತ್ತು. ತಿರುವು ಬಂದರೆ ಬಾಯಲ್ಲೇ "ಪೋಂ ಪೋಂ" ಎಂದು ಹಾರನ್. ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಪಕ್ಕದ ಮರಗಳನ್ನು ನೋಡುತ್ತ ಕೂರುವುದು ಬೇರೆ. ಕಾರಿಗೆ ಒಂದು ಗೀರು ಬಿದ್ದದ್ದನ್ನು ನಾನು ಕಂಡಿರಲಿಲ್ಲ.

"ಮಾವ, ಇದು ರೇಸು. ಬೇಗ ಹೋಗ್ಬೇಕು."

"ಕಾಡ್ ರಸ್ತೇಲಿ ಬೇಗ ಓಗೋನು ಆನೆ ಕಾಲಿಗೆ ಸಿಕ್ಕೋಯ್ತನೆ ಕಣ್ಲಾ."

"ಈ ಆಟದಲ್ಲಿ ಆನೆ ಇಲ್ಲ ಮಾವ."

"ನಿಂಗೆಂಗ್ ಗೊತ್ತು? ನೀನು ಒಂದಿನಾನಾದ್ರೂ ನಿಂತು ನೋಡಿದ್ದೀಯಾ?"

ನಿಜವೇ, ನಾನು ನಿಂತು ನೋಡಿರಲಿಲ್ಲ.

ಕೆಲವು ವರ್ಷಗಳಲ್ಲಿ ಪೆಟ್ಟಿಗೆಗೆ ವಯಸ್ಸಾಯಿತು. ಒಳಗಿನ ಸೀಡಿ ತಿರುಗದಾಯಿತು. ಬೋರಲು ಮಲಗಿಸಿದರೆ ತಿರುಗುತ್ತದೆ ಎಂದು ಕಂಡುಹಿಡಿದವರು ಮಾವನೇ. ಹಾಲು ಕುಡಿದ ಮಗುವನ್ನು ತೇಗಿಸುವ ಹಾಗೆ ಬೆನ್ನು ತಟ್ಟಿ ತಟ್ಟಿ ಮತ್ತೊಂದು ವರ್ಷ ಓಡಿಸಿದರು. ಆಮೇಲೆ ಅದು ತಟ್ಟಿದರೂ ಏಳಲಿಲ್ಲ. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಅತ್ತೆ ಫೋನು ಮಾಡಿದರು.

ಹೊಸ ಕಂಪ್ಯೂಟರ್ ಕೊಂಡುಕೊಂಡ ಮೇಲೆ ನನ್ನ ಹಳೆಯದನ್ನು ಮಾವನಿಗೆ ಕೊಟ್ಟೆ. ಜೊತೆಗೆ ಆಗಷ್ಟೇ ಬರತೊಡಗಿದ್ದ ತೆಳ್ಳನೆಯ ಅಗಲ ಪರದೆಯನ್ನೂ ತಂದುಕೊಟ್ಟೆ. ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಹಾಕಿದರೆ ಕಂಪ್ಯೂಟರೇ ಹಳೆಯ ಪೆಟ್ಟಿಗೆಯ ವೇಷ ತೊಟ್ಟು ಅದೇ ಆಟವನ್ನು ಆಡಿಸುತ್ತದೆ. ಮಾವನ ಕಾರು ಮತ್ತೆ ಜೀವ ಪಡೆಯಿತು. ಆದರೆ ಚೌಕದ ಚಿತ್ರವನ್ನು ಅಗಲ ಪರದೆಗೆ ಎಳೆದು ಹಿಗ್ಗಿಸಿದ್ದರಿಂದ ಕಾರು ರೊಟ್ಟಿಯಾಗಿತ್ತು.

"ಇದ್ರ ಮ್ಯಾಲೆ ಯಾವನ್ಲಾ ಕುಂತ್ಕಂಡಿದ್ದು? ಅಪ್ಪಚ್ಚಿ ಆಗ್ಬುಟ್ಟದೆ!" ಎಂದರು ಮಾವ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಅದೂ ನಿಮ್ಮಂಗೇ ರಿಟೈರ್ ಆಗಿರ್ಬೇಕು. ಅದ್ಕೇ ಅಡ್ಡಡ್ಡ ಬೆಳ್ದದೆ!"

ಚಿತ್ರವನ್ನು ಮೊದಲಿನ ಅಳತೆಗೆ ತಂದೆ. ಕಾರೇನೋ ಸರಿಹೋಯಿತು, ಎರಡೂ ಪಕ್ಕ ಕಪ್ಪು ಪಟ್ಟಿ ಬಂತು. ಮಾವ ಅದಕ್ಕೂ ಒಪ್ಪಲಿಲ್ಲ.

"ಎಲ್ಡೂ ಕಡೆ ಬಾಗ್ಲು ಯಾಕ್ ಮುಚ್ಚಿದ್ದೀಯೆ? ತೆಗಿ. ಕಾಡಲ್ಲಿ ಎದುರ್ಗಡೆಯಿಂದ ಬರೋದು ರೇಂಜರ್ ಸಾಹೇಬ್ರು ಒಬ್ರೇ. ಮಿಕ್ಕಿದ್ದೆಲ್ಲ ಪಕ್ಕದಿಂದ್ಲೇ ಬತ್ತದೆ."

ನಾನು ಮೂರು ಭಾನುವಾರ ತಡಕಾಡಿದೆ. ಕೊನೆಗೆ, ಚಿತ್ರವನ್ನು ಹಿಗ್ಗಿಸದೆ ಎಡಕ್ಕೂ ಬಲಕ್ಕೂ ಹೆಚ್ಚು ಜಾಗ ತೋರಿಸುವ ಒಂದು ಸೆಟ್ಟಿಂಗ್ ಸಿಕ್ಕಿತು. ಮೊದಲು ಕಾಣದಿದ್ದ ಬೆಟ್ಟ, ಬೇಲಿ, ಮರಗಳೆಲ್ಲ ಕಂಡವು. ಮಾವ ಎದ್ದು ನಿಂತು ನನ್ನ ಕೈ ಕುಲುಕಿದರು. ನನಗೆ ಕೆಲಸ ಸಿಕ್ಕಿದಾಗಲೂ ಕುಲುಕಿರಲಿಲ್ಲ!

ಆ ಸಂತೋಷ ಅರ್ಧ ಗಂಟೆ ಉಳಿಯಿತು. ಕಾರು ಮುಂದೆ ಹೋದಂತೆ ಅಂಚಿನಲ್ಲಿದ್ದ ಮರಗಳು ಇದ್ದಕ್ಕಿದ್ದಂತೆ ಮಾಯವಾಗುತ್ತಿದ್ದವು.

"ಯಾವನ್ಲಾ ಈ ಮರಗಳ್ನ ಕಡ್ದಿದ್ದು?"

ಆಟ ಮಾಡಿದವರು ಚೌಕದ ಟೀವಿಗೆಂದು ಮಾಡಿದ್ದಾರೆ, ಅದರ ಆಚೆ ಯಾರೂ ನೋಡುವುದಿಲ್ಲವೆಂದು ಮರಗಳನ್ನು ಅಲ್ಲಿಗೇ ಅಳಿಸಿಬಿಡುತ್ತಾರೆ ಎಂದು ವಿವರಿಸಿದೆ. ಯಾರ ಮುಂದೆ ವಿವರಿಸಿದೆ ಸ್ವಾಮಿ! ಮಾವ ಬಿಳಿ ಹಾಳೆ ತರಿಸಿ ಮಹಜರು ಬರೆಯಲು ಕುಳಿತರು. "ಆರನೇ ತಿರುವಿನ ಎಡಕ್ಕೆ ನಾಲ್ಕು ಮರ ನಾಪತ್ತೆ. ಬುಡವೂ ಇಲ್ಲ, ಗರಗಸದ ಪುಡಿಯೂ ಇಲ್ಲ." ಸಾಕ್ಷಿಗೆ ಪಂಚರಾಗಿ ನಾನೂ ಅತ್ತೆಯೂ ರುಜು ಹಾಕಿದ ಮೇಲೆಯೇ ಕಾಫಿ ಬಂದದ್ದು.

ಹೀಗೆ ನಗುನಗುತ್ತಾ ಇದ್ದ ಮನೆಯಲ್ಲಿ ಒಂದು ಬೆಳಿಗ್ಗೆ ಅತ್ತೆ ಹಿತ್ತಿಲಿನಲ್ಲಿ ಕುಸಿದು ಬಿದ್ದರು. ಮೆದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಬಂದರು. ದೇವರು ದೊಡ್ಡವನು, ಮಾತು ಉಳಿಯಿತು, ಕೈಕಾಲು ಉಳಿಯಿತು. ಆದರೆ ಎಡಗಡೆ ಎನ್ನುವುದೇ ಅವರ ಪಾಲಿಗೆ ಇಲ್ಲವಾಯಿತು. ತಟ್ಟೆಯ ಬಲ ಅರ್ಧ ಉಂಡು, ಎಡಕ್ಕಿದ್ದ ಪಲ್ಯ ಹಾಗೇ ಉಳಿಸಿ, "ಪಲ್ಯಾನೇ ಬಡಿಸ್ಲಿಲ್ಲ" ಎನ್ನುತ್ತಿದ್ದರು. ಎಡಗಡೆಯ ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಕಣ್ಣು ಸರಿಯಾಗಿದೆ, ಎಡಕ್ಕೆ ತಿರುಗುವುದನ್ನು ಮೆದುಳು ಮರೆತಿದೆ, ತಿರುಗಿ ತಿರುಗಿಯೇ ಮತ್ತೆ ಕಲಿಯಬೇಕು ಎಂದಿದ್ದರು ಡಾಕ್ಟರು.

ಮಾವ ಬೆಳಿಗ್ಗೆ ಎದ್ದಾಗಿನಿಂದ "ಎಡಕ್ಕೆ ನೋಡಮ್ಮಿ, ಎಡಕ್ಕೆ ನೋಡು" ಎಂದು ಬೇಡುತ್ತಿದ್ದರು. ಅತ್ತೆ ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡ್ತಾನೇ ಇವ್ನಿ ಕಣ್ರೀ. ಅಲ್ಲೇನೂ ಇಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಲಾರದೆ ನಾನು ಎದ್ದು ಹುಣಸೂರಿನ ಬಸ್ಸು ಹತ್ತಿದೆ.

ಒಂದು ತಿಂಗಳು ಬಿಟ್ಟು ಹೋದಾಗ ಬೀದಿಗೇ ಕೇಳುವಂತೆ ಅತ್ತೆಯ ಬೈಗುಳ. ಒಳಗೆ ನೋಡಿದರೆ ಪರದೆಯ ಮುಂದೆ ಇಬ್ಬರೂ ಕುಳಿತಿದ್ದಾರೆ. ಮಾವ ಅತ್ತೆಯ ಎಡಗಡೆಗೆ, ತೀರಾ ಅಂಚಿಗೆ ಕುಳಿತು, ಜೀವಮಾನದಲ್ಲಿ ಎಂದೂ ಹೋಗದ ವೇಗದಲ್ಲಿ ಕಾರು ಓಡಿಸಿ ಎಡಗಡೆಯ ಗೋಡೆಗೆ ಧಡ್ ಎಂದು ಗುದ್ದುತ್ತಿದ್ದಾರೆ. ಹಿಂದಕ್ಕೆ ತೆಗೆಯುವುದು, ಮತ್ತೆ ಧಡ್!

"ಎಡಗಡೆ ಗೋಡೆ ಅದೆ ಕಣ್ರೀ! ಕಣ್ಣೇನು ಬಾಡ್ಗೆಗೆ ಕೊಟ್ಟಿದ್ದೀರಾ?" ಎಂದು ಅತ್ತೆ ಅವರ ಕಡೆಗೆ ಕತ್ತು ಹೊರಳಿಸಿ ಬೈದರು.

ನಾನು ಮಾವನನ್ನು ಜಗಲಿಗೆ ಕರೆದುಕೊಂಡು ಹೋಗಿ ಕೇಳಿದೆ: "ಏನಿದು ಮಾವ? ನೀವು ಹೀಗೆ ಓಡಿಸೋದಾ?"

ಮಾವ ಒಳಗಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನೋಡು ಅಂದ್ರೆ ಅವ್ಳು ನೋಡಲ್ಲ ಕಣಪ್ಪ. ಬಯ್ಯೋಕಾದ್ರೆ ತಿರುಗ್ತಾಳೆ. ಅದ್ಕೇ ಬೈಸ್ಕತಾ ಇವ್ನಿ."

ಅದಕ್ಕೇ ಎಡಗಡೆ ಕೂರುವುದು. ಅದಕ್ಕೇ ಕಾಫಿ ಚೆಲ್ಲುವುದು, ಅಂಗಿ ಗುಂಡಿ ತಪ್ಪಿಸಿ ಹಾಕುವುದು, ಎಲ್ಲ ಆ ಕಡೆಯೇ ನಿಂತು. ಮೂವತ್ತು ವರ್ಷ ಕಾಡಿನಲ್ಲಿ ಯಾರ ಮಾತನ್ನೂ ಕೇಳಿಸಿಕೊಳ್ಳದ ಮನುಷ್ಯ ದಿನವಿಡೀ ಬೈಗುಳ ಸಂಪಾದಿಸುತ್ತಿದ್ದರು.

ನಾವು ಒಳಗೆ ಹೋದೆವು. ಮಾವ ತಮ್ಮ ಜಾಗದಲ್ಲಿ ಕುಳಿತು, ಗೇಮಿನ ರಿಮೋಟು ಹಿಡಿದು, ಮತ್ತೆ ಗೋಡೆಗೆ ಗುದ್ದಿದರು. ಅತ್ತೆಗೆ ತಡೆಯಲಾಗಲಿಲ್ಲ.

"ಕೊಡಿ ಇತ್ಲಾಗೆ, ನಾನೇ ಓಡುಸ್ತೀನಿ!"

ಹಾಗೆಂದವರು ಪೂರ್ತಿ ಎಡಕ್ಕೆ ತಿರುಗಿ, ಎಡಗೈ ಚಾಚಿ, ತಡವರಿಸದೆ, ಮಾವನ ಕೈ ಎಲ್ಲಿತ್ತೋ ಅಲ್ಲಿಗೇ ಕೈಯಿಟ್ಟು ರಿಮೋಟು ಕಸಿದುಕೊಂಡರು. ಮಾವನ ಕೈ ಬರಿದಾಯಿತು. ಅವರು ಅದನ್ನು ಹಾಗೇ ಚಾಚಿಕೊಂಡು, ಅಲುಗಾಡದೆ ಕುಳಿತುಬಿಟ್ಟರು.