ಮೊದಲ ಸಾಲಿನ ವರ

ಫೈಲಿನ ನೆತ್ತಿಯ ಮೇಲಿದ್ದ ಒಂದೇ ಒಂದು ಸಾಲನ್ನು ಷಡಕ್ಷರಿ ಅಳಿಸಿಬಿಟ್ಟಿದ್ದರೆ ಆ ಎರಡನೇ ಶನಿವಾರ ಅವನು ಎಣಿಸಿದ ಹಾಗೆಯೇ ಕಳೆಯುತ್ತಿತ್ತು. ಆದರೆ ಆ ಸಾಲಿನಲ್ಲಿ ಇದ್ದದ್ದು ‘ಶ್ರೀ ಸಿದ್ಧಲಿಂಗೇಶ್ವರ ಪ್ರಸನ್ನ’. ಡಿಲೀಟ್ ಗುಂಡಿಯವರೆಗೆ ಹೋದ ಬೆರಳು ಹಿಂದಕ್ಕೆ ಬಂತು.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಾಗಭೂಷಣನದೊಂದು ಜೆರಾಕ್ಸ್ ಅಂಗಡಿ. ಅದರ ಮಹಡಿಯ ಮೇಲೆ, ಸದಾಶಿವಯ್ಯ ಮೇಷ್ಟ್ರು ನಿವೃತ್ತರಾದ ಮೇಲೆ ತೆರೆದ ವಧೂವರರ ಮಾಹಿತಿ ಕೇಂದ್ರ. ಷಡಕ್ಷರಿ ಅಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತ. ಹೆಣ್ಣುಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದವನು ಅವನು. ಗಂಡುಗಳ ಪಟ್ಟಿಯನ್ನು ಏರಿಸಿದವರು ಮೇಷ್ಟ್ರ ಹೆಂಡತಿ ಗಂಗಾಂಬಿಕೆಯವರು. ದಿನಸಿ ಚೀಟಿಯ ಮೇಲೂ ದೇವರ ಹೆಸರು ಬರೆದೇ ಉಪ್ಪು, ಬೇಳೆ ಎಂದು ಶುರು ಮಾಡುವ ತಾಯಿ ಅವರು. ಎಕ್ಸೆಲ್ ಹಾಳೆಯನ್ನು ಬಿಟ್ಟಾರೆಯೇ?

ಈಗ ಕೇಂದ್ರಕ್ಕೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಎರಡೂ ಪಟ್ಟಿಗಳನ್ನು ಅದರ ಟೇಬಲ್ಲುಗಳಿಗೆ ತುಂಬಿಬಿಟ್ಟರೆ, ಯಾವ ಹೆಣ್ಣಿಗೆ ಯಾವ ಗಂಡು ಹೊಂದುತ್ತಾನೆಂದು ಅದೇ ನೋಡಿ, ಅತಿ ಹೆಚ್ಚು ಹೊಂದುವ ಒಬ್ಬನ ಹೆಸರನ್ನು ಹೆಣ್ಣಿನ ಮನೆಗೆ ಮೆಸೇಜ್ ಮಾಡುತ್ತದೆ. ಶನಿವಾರ ಎಲ್ಲರಿಗೂ ಮೆಸೇಜ್ ಬರುತ್ತದೆಂದು ಮೇಷ್ಟ್ರು ವಾರದಿಂದ ಸಾರಿಬಿಟ್ಟಿದ್ದರು.

ಆ ಶನಿವಾರಕ್ಕಾಗಿ ಅವರಿಗಿಂತ ಹೆಚ್ಚಾಗಿ ಕಾದಿದ್ದವನು ಷಡಕ್ಷರಿ. ಅವನಿಗೆ ನಲವತ್ಮೂರು. ಗಂಡುಗಳ ಪಟ್ಟಿಯಲ್ಲಿ ಇಪ್ಪತ್ತೇಳನೆಯ ಹೆಸರು ಅವನದೇ. ಸಾಯುವ ಮುಂಚೆ ಅವನ ತಾಯಿ ಬರೆಸಿ ಹೋದದ್ದು. ಇನ್ನು ಹೆಣ್ಣುಗಳ ಪಟ್ಟಿಯಲ್ಲಿ ಗುಬ್ಬಿಯ ಅನುಪಮಾ ಇದ್ದಳು. ಪ್ರೈಮರಿ ಶಾಲೆಯ ಟೀಚರ್, ಮೂವತ್ತೆಂಟು ವರ್ಷ. ಮೂರು ವರ್ಷದಿಂದ ಪ್ರತಿ ಎರಡನೇ ಶನಿವಾರ ಬಸ್ ಹತ್ತಿ ಬಂದು, ‘ಯಾರಾದ್ರೂ ಇದಾರಾ ಸಾರ್?’ ಎಂದು ಕೇಳಿ, ಅವನು ಕೊಟ್ಟ ನೀರು ಕುಡಿದು ಹೋಗುತ್ತಿದ್ದಳು. ‘ನಾನಿದೀನಿ’ ಎನ್ನಲು ಅವನಿಗೆ ಬಾಯಿ ಬಂದಿರಲಿಲ್ಲ. ಕೇಂದ್ರದ ಗುಮಾಸ್ತನೇ ಹಾಗೆಂದರೆ, ಬಡಿಸುವವನೇ ಮೊದಲು ಎಲೆ ಹಾಕಿಕೊಂಡು ಕೂತ ಹಾಗಲ್ಲವೇ?

ಆದರೆ ಸಾಫ್ಟ್‌ವೇರ್ ಮಾರಿದ ಸಿದ್ದಾರ್ಥ ಹತ್ತು ಹೆಸರು ಹಾಕಿ ತೋರಿಸಿದ ದಿನ, ಷಡಕ್ಷರಿ ಮೆಲ್ಲಗೆ ತನ್ನದನ್ನೂ ಅವಳದನ್ನೂ ಸೇರಿಸಿದ್ದ. ನೂರಕ್ಕೆ ತೊಂಬತ್ತಾರು! ಅವತ್ತು ರಾತ್ರಿ ಅವನು ಎರಡು ತುತ್ತು ಹೆಚ್ಚಿಗೆ ಉಂಡ. ತಾನು ಆಡಲಾರದ ಮಾತನ್ನು ಕಂಪ್ಯೂಟರೇ ಆಡುತ್ತದೆ, ಯಾರೂ ಏನೂ ಅನ್ನುವ ಹಾಗಿಲ್ಲ.

ಶನಿವಾರ ಬೆಳಿಗ್ಗೆ ಗಂಡುಗಳ ಫೈಲನ್ನು ತುಂಬಿದ ಮೊದಲ ಸಲ ಎಲ್ಲ ಎಡವಟ್ಟಾಯಿತು. ಆ ಫೈಲಿನಲ್ಲಿ ಒಂದು ಕಾಲಮ್ಮಿಗೂ ಇನ್ನೊಂದಕ್ಕೂ ನಡುವೆ ಇರುವುದು ಬರೀ ಒಂದು ಅಲ್ಪವಿರಾಮ. ಗಂಗಾಂಬಿಕೆಯವರು ವಿಳಾಸದಲ್ಲೂ ಧಾರಾಳವಾಗಿ ಅಲ್ಪವಿರಾಮ ಹಾಕಿದ್ದರಿಂದ, ಕೊತ್ತಗೆರೆಯ ಹುಡುಗನೊಬ್ಬನ ಎತ್ತರ ‘ಕುಣಿಗಲ್ ತಾಲ್ಲೂಕು’ ಎಂದೂ ತೂಕ ‘ಐದು ಅಡಿ ಆರು’ ಎಂದೂ ಬಂದು ಕೂತಿತು. ಸಿದ್ದಾರ್ಥನಿಗೆ ಫೋನ್ ಹೋಯಿತು.

“ಅಡ್ರೆಸ್ಸಲ್ಲಿರೋ ಕಾಮಾ ಎಲ್ಲ ತೆಗೀರಿ ಸಾರ್. ಹಂಗೇ ಮೇಲ್ಗಡೆ, ಹುಡುಗ್ರ ಹೆಸರು ಶುರು ಆಗೋಕ್ ಮುಂಚೆ ಏನೇನಿದ್ಯೋ ಅದನ್ನೂ ಅಳಿಸ್ಬಿಡಿ.”

ಷಡಕ್ಷರಿ ಕಾಮಾಗಳನ್ನು ತೆಗೆದ. ‘ಹೆಸರು, ವಿಳಾಸ, ಎತ್ತರ’ ಎಂಬ ತಲೆಬರಹದ ಸಾಲನ್ನೂ ತೆಗೆದ. ದೇವರ ಸಾಲಿಗೆ ಬಂದಾಗ ಮಾತ್ರ ಬೆರಳು ನಿಂತಿತು. ಬೇರೆ ದಿನವಾಗಿದ್ದರೆ ಹೇಗೋ ಏನೋ, ಇವತ್ತು ತನ್ನ ಬದುಕಿನ ದಿನ. ಇವತ್ತೇ ದೇವರನ್ನು ಅಳಿಸುವುದೇ? ಪಕ್ಕದ ಕಾಲಮ್ಮುಗಳೆಲ್ಲ ಖಾಲಿ ಇವೆ, ಮಷಿನ್ನು ತಾನಾಗಿಯೇ ಬಿಟ್ಟು ಮುಂದೆ ಹೋಗುತ್ತದೆ ಎಂದುಕೊಂಡು, ಪರದೆಗೆ ಕೈಮುಗಿದು ಗುಂಡಿ ಒತ್ತಿದ.

ಐದು ನಿಮಿಷಕ್ಕೆ ಫೋನ್ ಹೊಡೆದುಕೊಂಡಿತು.

“ನಾನು ಕೊತ್ತಗೆರೆ ಸಿದ್ದಗಂಗಮ್ಮ ಕಣಪ್ಪ. ನನ್ ಮಗಳಿಗೆ ನೂರಕ್ಕೆ ನೂರು ಹೊಂದೋ ಗಂಡು ಅಂತ ಬಂದೈತೆ. ಪ್ರಸನ್ನ ಅಂದ್ರೆ ಹುಡುಗನ ಹೆಸ್ರಾ, ಅವರಪ್ಪನ ಹೆಸ್ರಾ?”

ಷಡಕ್ಷರಿ ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಫೋನು, ಅದರ ಹಿಂದೆ ಮತ್ತೊಂದು. ಹಿರೇಹಳ್ಳಿಯ ಫ್ಯಾಕ್ಟರಿಯಿಂದ ಯಾವುದೋ ಹುಡುಗಿ, “ನಮ್ ಲೈನಲ್ಲಿ ಆರು ಜನಕ್ಕೂ ಒಬ್ಬನೇ ಗಂಡು ಬಂದವ್ನೆ ಸಾರ್, ನಾವೇನ್ ಚೀಟಿ ಎತ್ತಬೇಕಾ?” ಎಂದು ಕೇಳಿದಳು. ಹಿಂದೆ ಐದು ಜನ ನಗುವುದು ಕೇಳಿಸುತ್ತಿತ್ತು.

ಗಂಟೆಯ ಮೇಲೆ ಸಿದ್ದಾರ್ಥನಿಗೆ ಫೋನ್ ಮಾಡಲು ಬಿಡುವಾಯಿತು. ಅವನು ತನ್ನ ಆಫೀಸಿನಿಂದಲೇ ಫೈಲು ನೋಡಿ ತಲೆ ಚಚ್ಚಿಕೊಂಡ. “ಆ ಸಾಲೂ ಒಂದು ಗಂಡಾಗಿ ಒಳಗೆ ಹೋಗಿದೆ ಸಾರ್. ವಯಸ್ಸಿಲ್ಲ, ಎತ್ತರ ಇಲ್ಲ, ಇಂಥ ಹೆಣ್ಣೇ ಬೇಕು ಅನ್ನೋ ಕಂಡಿಷನ್ನೂ ಇಲ್ಲ. ಹೊಂದಲ್ಲ ಅನ್ನೋಕೆ ಮಷಿನ್ಗೆ ಒಂದು ಕಾರಣಾನೂ ಸಿಕ್ಕಿಲ್ಲ. ಆರುನೂರ ಹನ್ನೆರಡು ಹೆಣ್ಣಿಗೂ ಅವರೇ ಫಸ್ಟು! ನಂಬರ್ ಇಲ್ದಿರೋದಕ್ಕೆ ನಿಮ್ಮ ಆಫೀಸ್ ನಂಬರ್ ಹೋಗಿದೆ.”

ಷಡಕ್ಷರಿ ಅನುಪಮಾಳ ಹೆಸರು ತೆರೆದ. ಒಂದನೆಯದು ಶ್ರೀ ಸಿದ್ಧಲಿಂಗೇಶ್ವರ ಪ್ರಸನ್ನ, ನೂರು. ಎರಡನೆಯದು ಷಡಕ್ಷರಿ, ತೊಂಬತ್ತಾರು. ಮೆಸೇಜ್ ಹೋಗುವುದು ಒಂದನೆಯವರದು ಮಾತ್ರ.

“ಆ ಸಾಲು ಅಳಿಸಿ ಇನ್ನೊಂದ್ಸಲ ಗುಂಡಿ ಒತ್ತಿ ಸಾರ್,” ಎಂದ ಸಿದ್ದಾರ್ಥ, “ಎಲ್ಲರಿಗೂ ಎರಡನೇ ಹೆಸರಿನ ಮೆಸೇಜ್ ಹೋಗತ್ತೆ.”

ಬಡಜೀವಕ್ಕೆ ಹೋದ ಉಸಿರು ಬಂತು. ಆದರೆ ಅಷ್ಟರಲ್ಲಿ ಬಾಗಿಲಲ್ಲಿ ಗುಬ್ಬಿಯ ರಂಗಣ್ಣ ಇಬ್ಬರು ಬಾಮೈದರ ಸಮೇತ ನಿಂತಿದ್ದ.

“ಏನ್ಲಾ, ನನ್ ಇಬ್ರು ಹೆಣ್ಮಕ್ಕಳಿಗೂ ಒಬ್ನೇ ಗಂಡಾ? ತಮಾಷೆ ಮಾಡ್ತಿದೀಯಾ?”

ಗಲಾಟೆ ಕೇಳಿ ನಾಗಭೂಷಣ ಮೇಲೆ ಓಡಿಬಂದ. ಅವನು ಉಪಕಾರಕ್ಕೆ ನಿಂತರೆ ಎದುರಿಗಿದ್ದವನು ಕೆಟ್ಟ ಎಂದೇ ಲೆಕ್ಕ. “ಸುಮ್ನಿರಿ ಯಜಮಾನ್ರೇ,” ಎಂದವನೇ ಎಡೆಯೂರಿನ ಸಿದ್ಧಲಿಂಗೇಶ್ವರನ ಗುಡಿ, ದಾಸೋಹಗಳನ್ನೇ ಗಂಡಿನ ಆಸ್ತಿ ಮಾಡಿಬಿಟ್ಟ. “ಎಂಥಾ ಗಂಡು ಗೊತ್ತಾ? ಎಡೆಯೂರಲ್ಲಿ ದೊಡ್ಡ ಮನೆ, ದಿನಾ ಸಾವಿರ ಜನಕ್ಕೆ ಅನ್ನ ಹಾಕ್ತಾರೆ.”

ರಂಗಣ್ಣನ ಕೋಪ ಅರ್ಧಕ್ಕೆ ಇಳಿಯಿತು. ಬಾಮೈದರ ಮುಖ ನೋಡಿ, “ಅಂಗಾದ್ರೆ ದೊಡ್ಡೋಳಿಗೇ ಆಗ್ಲಿ ಬುಡು,” ಎಂದು ಕುರ್ಚಿ ಎಳೆದುಕೊಂಡ. ಅವನಿಗೆ ನಿಜ ತಿಳಿಸಿ, ಕಾಫಿ ಕುಡಿಸಿ, ಬಸ್ ಹತ್ತಿಸುವುದರಲ್ಲಿ ಮಧ್ಯಾಹ್ನ ಮೂರು ಗಂಟೆಯಾಯಿತು.

ವಾಪಸು ಬಂದು ಸಾಲಿನ ಮೇಲೆ ಬೆರಳಿಡುವುದರಲ್ಲಿ ಮೇಷ್ಟ್ರ ಜೊತೆ ಗಂಗಾಂಬಿಕೆಯವರ ಪ್ರವೇಶ.

“ದೇವರ ಹೆಸರು ಅಳಿಸ್ತೀಯೇನೋ ಷಡಕ್ಷರಿ? ಕೈಯಾದ್ರೂ ಹೆಂಗೆ ಬರತ್ತೆ ನಿಂಗೆ?”

“ಬೆಳಿಗ್ಗೆ ಬರಲಿಲ್ಲ ಅಮ್ಮ, ಅದಕ್ಕೇ ಹಿಂಗಾಗಿದ್ದು,” ಎಂದ, ಅಳುವ ದನಿಯಲ್ಲಿ.

ಮೇಷ್ಟ್ರು ಹೆಂಡತಿಗೆ ಗಂಟೆ ಹೊತ್ತು ತಿಳಿಹೇಳಿದರು. ಕೊನೆಗೆ ಆಕೆ ಮಾನಿಟರಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, “ಹ್ಞೂಂ, ಈಗ ತೆಗಿ,” ಎಂದರು.

ಷಡಕ್ಷರಿ ಕಣ್ಣು ಮುಚ್ಚಿ ಬೆರಳು ಮುಂದೆ ಚಾಚಿದ.

“ಸಾರ್, ಬರಬಹುದಾ?”

ಬಾಗಿಲಲ್ಲಿ ಅನುಪಮಾ. ಕೈಯಲ್ಲಿ ಸಿಹಿಯ ಡಬ್ಬಿ.

“ಮೆಸೇಜು ತಪ್ಪಾಗಿ ಬಂದಿದೆ ಮೇಡಂ,” ಅವನು ತಡವರಿಸಿದ. “ಇನ್ನೈದು ನಿಮಿಷ. ಸರಿಯಾದ್ದು ಬರತ್ತೆ. ದಯವಿಟ್ಟು ಕೂತ್ಕೊಳ್ಳಿ.”

“ತಪ್ಪೇನಿಲ್ಲ ಬಿಡಿ ಸಾರ್,” ಎಂದು ಅವಳು ನಕ್ಕಳು. “ಕುಣಿಗಲ್‌ನಿಂದ ಒಂದು ಸಂಬಂಧ ಬಂದಿತ್ತು. ಬಸವಪ್ರಭು ಅಂತ, ಹೈಸ್ಕೂಲ್ ಮೇಷ್ಟ್ರು. ಹೆಂಡ್ತಿ ಹೋಗಿ ಮೂರು ವರ್ಷ ಆಗಿದೆ, ಒಬ್ಬಳು ಮಗಳಿದಾಳೆ. ಒಳ್ಳೆಯವರು. ಶನಿವಾರದವರೆಗೂ ಟೈಮ್ ಕೇಳಿದ್ದೆ.”

“ಶನಿವಾರದವರೆಗೂ ಯಾಕೆ?”

ಅವಳು ಡಬ್ಬಿಯ ದಾರ ಬಿಚ್ಚುತ್ತಿದ್ದಳು. “ನಿಮ್ಮ ಮೆಸೇಜಲ್ಲಿ ಒಂದು ಹೆಸರು ಬರಬಹುದೇನೋ ಅಂತ ಕಾಯ್ತಿದ್ದೆ. ಮೂರು ವರ್ಷದಿಂದ ಕಾದಿದೀನಿ, ಇದೊಂದ್ಸಲ ನೋಡೋಣ ಅಂತ. ಆ ಹೆಸರು ಬರಲಿಲ್ಲ. ಲಗ್ನಪತ್ರಿಕೆ ಮೇಲೆ ಹಾಕೋ ಸಾಲು ಬಂತು. ಇನ್ನೇನು ಕೇಳೋದು? ದೇವರೇ ಹ್ಞೂಂ ಅನ್ನು ಅಂದ ಹಾಗಾಯ್ತು. ಕುಣಿಗಲ್‌ಗೆ ಫೋನ್ ಮಾಡಿ ಒಪ್ಪಿಗೆ ಹೇಳಿಬಿಟ್ಟೆ.”

“ಯಾರ ಹೆಸರು ಮೇಡಂ?”

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಕಣ್ಣು ತುಂಬಿತ್ತು. “ಮಾತು ಕೊಟ್ಟಾಯ್ತಲ್ಲ ಸಾರ್. ನೀವೂ ಕೇಳಬೇಡಿ, ನಾನೂ ಹೇಳಲ್ಲ. ಸಿಹಿ ತಗೊಳ್ಳಿ.”

ಷಡಕ್ಷರಿ ಪೇಢೆಯನ್ನು ಬಾಯಿಗಿಟ್ಟ. ಅವಳು ಎಂದಿನಂತೆ ನೀರು ಕೇಳದೆ ಮೆಟ್ಟಿಲಿಳಿದು ಹೋದಳು.

ಸುದ್ದಿ ತಿಳಿದ ಮೇಷ್ಟ್ರು ಕುಣಿಯುವುದೊಂದು ಬಾಕಿ. “ಮೊದಲನೇ ದಿನಾನೇ ಒಂದು ಮದುವೆ! ಏ ಷಡಕ್ಷರಿ, ಆ ಸಾಲು ತೆಗೀಬೇಡ ಕಣೋ. ಯಾವತ್ತೂ ತೆಗೀಬೇಡ. ಅದೇ ನಮ್ಮ ಮೊದಲನೇ ವರ.” ಗಂಗಾಂಬಿಕೆಯವರು ಮಾನಿಟರಿಗೆ ಇನ್ನೊಮ್ಮೆ ಕೈಮುಗಿದರು.

ಷಡಕ್ಷರಿ ಅನುಪಮಾಳ ಹೆಸರಿನ ಮುಂದೆ ‘ನಿಶ್ಚಯವಾಗಿದೆ’ ಎಂದು ಟೈಪ್ ಮಾಡಿದ. ಅಷ್ಟರಲ್ಲಿ ಮತ್ತೆ ಫೋನು.

“ನಾನೇ ಕಣಪ್ಪ, ಕೊತ್ತಗೆರೆ ಸಿದ್ದಗಂಗಮ್ಮ. ಆ ಪ್ರಸನ್ನ ದೇವ್ರಂತೆ, ನಮ್ಮೂರಲ್ಲೆಲ್ಲ ನಗ್ತಾವ್ರೆ. ಹೋಗ್ಲಿ, ಅವನ ಕೆಳಗೆ ಎರಡನೇ ನಂಬರಲ್ಲಿ ಯಾರೂ ಇಲ್ವಾ?”

“ಇದಾನೆ ಅಮ್ಮ,” ಎಂದ ಷಡಕ್ಷರಿ. ಪರದೆಯ ಮೇಲೆ ಅನುಪಮಾಳ ಎರಡನೇ ನಂಬರಿನಲ್ಲಿ ಅವನ ಹೆಸರು ಇನ್ನೂ ಹಾಗೇ ಇತ್ತು. “ಆದ್ರೆ ಅವನು ಬಾಯಿ ಬಿಟ್ಟು ಕೇಳೋನಲ್ಲ.”